ಮೋಡ ಕರೆಯುವ ಕಾಡು

ಮಳೆ ಬರುತ್ತಿರಲಿಲ್ಲ. ಆದರೂ ತಲೆಯ ಮೇಲಿನ ಕೊಂಬೆಯಿಂದ ಟಪ್ ಟಪ್ ಎಂದು ಹನಿ ಉದುರುತ್ತಲೇ ಇತ್ತು. ಮಾರ್ಗದರ್ಶಿ ಮಹಿಳೆ ನಮ್ಮನ್ನೆಲ್ಲ ಮರದ ಅಡಿಯಿಂದ ಈಚೆಗೆ, ಆಕಾಶ ಕಾಣುವ ಜಾಗಕ್ಕೆ ಕರೆತಂದು, ಅಂಗೈ ಚಾಚಿ ಎಂದರು. ಚಾಚಿದೆವು. ಯಾರೋ ತಣ್ಣಗೆ ಉಸಿರು ಬಿಟ್ಟ ಹಾಗಾಯಿತೇ ಹೊರತು ಒಂದು ಹನಿಯೂ ಬೀಳಲಿಲ್ಲ. ಮತ್ತೆ ಮರದ ಬುಡಕ್ಕೆ ಹೋಗಿ ಅದೇ ಅಂಗೈ ಚಾಚಿದರೆ, ಇಪ್ಪತ್ತು ಎಣಿಸುವುದರೊಳಗೆ ತೊಯ್ದುಹೋಯಿತು. “ಮೋಡದಲ್ಲಿ ನೀರೇನೋ ಇದೆ. ಆದರೆ ತಾನಾಗಿ ಕೆಳಗೆ ಬೀಳುವಷ್ಟು ಭಾರ ಇಲ್ಲ. ಮರ ಅದನ್ನು ಹಿಡಿದು ಇಳಿಸಿಕೊಳ್ಳುತ್ತದೆ” ಎಂದರು ಆಕೆ. ಮಲೆನಾಡಿನ ಕೊಟ್ಟಿಗೆಯಲ್ಲಿ ಹಾಲು ಕರೆದು ಬೆಳೆದ ನನಗೆ ಹೊಳೆದದ್ದು ಒಂದೇ ಮಾತು: ಈ ಕಾಡು ಮೋಡವನ್ನು ಕರೆಯುತ್ತಿದೆ. ಕೂಗಿ ಕರೆಯುವುದಲ್ಲ, ಹಸುವನ್ನು ಕರೆದ ಹಾಗೆ ಕರೆಯುವುದು.

ಇದು ಮೊಂಟೆವೆರ್ಡೆ. ಮಧ್ಯ ಅಮೆರಿಕದ ಕೋಸ್ಟರಿಕ ದೇಶದ ತಿಲರಾನ್ ಬೆಟ್ಟಸಾಲಿನ ನೆತ್ತಿಯಲ್ಲಿರುವ ಮೋಡಗಾಡು. ಅಮೆರಿಕದಲ್ಲಿರುವ ಮಗಳು ಮಾರ್ಚ್ ತಿಂಗಳ ಕೊನೆಯ ವಾರ ರಜೆ ಹಾಕಿ, “ಅಮ್ಮಾ, ನಿನಗೆ ಸಮುದ್ರ ಬೇಕಾ, ಕಾಡು ಬೇಕಾ?” ಎಂದು ಕೇಳಿದ್ದಳು. ಕಾಡು ಎಂದಿದ್ದೆ. ಕೊಪ್ಪದ ಕಡೆಯ ತೋಟದ ಮನೆಯಿಂದ ಇಷ್ಟು ದೂರ ಬಂದು ಮತ್ತೆ ಕಾಡನ್ನೇ ನೋಡುವುದೇ ಎಂದು ನೆಂಟರು ಅಚ್ಚರಿಪಟ್ಟರು. ಆದರೆ ಮೋಡವನ್ನೇ ಕುಡಿದು ಬದುಕುವ ಕಾಡು ಭೂಮಿಯ ಮೇಲೆ ಬಹಳ ಕಡಿಮೆ. ಹೆಚ್ಚಾಗಿ ಉಷ್ಣವಲಯದಲ್ಲಿ, ಅದೂ ಬೆಟ್ಟದ ಒಂದು ಗೊತ್ತಾದ ಎತ್ತರದ ಪಟ್ಟಿಯಲ್ಲಿ, ವರ್ಷದ ಬಹುಪಾಲು ದಿನ ಮೋಡ ನೆಲಕ್ಕೆ ತಾಗುವಲ್ಲಿ ಮಾತ್ರ ಅದು ಬೆಳೆಯುತ್ತದೆ.

ಕೋಸ್ಟರಿಕ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ತುಸು ದೊಡ್ಡದು, ಅಷ್ಟೆ. ಒಂದು ಪಕ್ಕ ಕೆರಿಬಿಯನ್ ಸಮುದ್ರ, ಇನ್ನೊಂದು ಪಕ್ಕ ಪೆಸಿಫಿಕ್ ಸಾಗರ, ನಡುವೆ ಬೆನ್ನೆಲುಬಿನ ಹಾಗೆ ಬೆಟ್ಟಸಾಲು. ರಾಜಧಾನಿ ಸ್ಯಾನ್ ಹೊಸೆಯಿಂದ ಮೊಂಟೆವೆರ್ಡೆಗೆ ದೂರ ಸುಮಾರು 140 ಕಿಲೋಮೀಟರು. ಆದರೆ ಕೊನೆಯ ಘಟ್ಟದ ದಾರಿಯ ದೆಸೆಯಿಂದ ನಾಲ್ಕು ತಾಸು ಹಿಡಿಯುತ್ತದೆ. ಹೆದ್ದಾರಿ ಬಿಟ್ಟು ಮೇಲೆ ಹತ್ತುವಾಗ ಇಕ್ಕೆಲದಲ್ಲೂ ಒಣಗಿ ಕಂದಾದ ಹುಲ್ಲುಗಾವಲು, ಅಲ್ಲಲ್ಲಿ ಬೋಳು ಮರ. ಪೆಸಿಫಿಕ್ ಕಡೆಗೆ ಅದು ಬೇಸಿಗೆ. ಇಲ್ಲೆಲ್ಲಿಯ ಮೋಡಗಾಡು ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಸಾಂತಾ ಎಲೆನಾ ಎಂಬ ಪುಟ್ಟ ಪೇಟೆ ದಾಟಿ ಇನ್ನೊಂದು ಆರು ಕಿಲೋಮೀಟರು ಹೋಗುವುದರಲ್ಲಿ ಗಾಡಿಯ ಗಾಜಿನ ಮೇಲೆ ಪುಡಿ ಹನಿ ಕೂತಿತು. ಬಿಸಿಲು ಇದ್ದ ಹಾಗೆಯೇ ಇತ್ತು. ಗಾಳಿಯಲ್ಲಿ ಅಡ್ಡಡ್ಡ ತೇಲಿಬರುವ ಈ ತುಂತುರಿಗೆ ಅಲ್ಲಿನವರು ಇಟ್ಟ ಹೆಸರು ‘ಪೆಲೊ ದೆ ಗಾತೊ’, ಬೆಕ್ಕಿನ ಕೂದಲು. ಜಡಿ, ಸೋನೆ, ಜಿನುಗು, ತುಂತುರು ಎಂದು ಮಳೆಗೆ ಹತ್ತು ಹೆಸರಿಟ್ಟ ನಾಡಿನಿಂದ ಹೋದ ನನಗೆ ಈ ಹನ್ನೊಂದನೆಯದು ತುಂಬ ಹಿಡಿಸಿತು. ಮುಖಕ್ಕೆ ತಾಗಿದಾಗ ಅದು ನಿಜಕ್ಕೂ ಹಾಗೆಯೇ ಇರುತ್ತದೆ, ಬೆಕ್ಕು ಸವರಿಕೊಂಡು ಹೋದ ಹಾಗೆ.

ಇಷ್ಟು ಸಣ್ಣ ಜಾಗದಲ್ಲಿ ಬರವೂ ತೇವವೂ ಹೀಗೆ ಬೆನ್ನಿಗೆ ಬೆನ್ನು ಹಚ್ಚಿ ಕೂತಿರುವುದಕ್ಕೆ ಕಾರಣ ಗಾಳಿ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಕೆರಿಬಿಯನ್ ಸಮುದ್ರದ ಮೇಲೆ ಹಾಯ್ದು ತೇವ ಹೊತ್ತು ಬರುತ್ತದೆ. ಬೆಟ್ಟ ಎದುರಾಗುತ್ತದೆ. ಹತ್ತುವುದು ಬಿಟ್ಟು ಬೇರೆ ದಾರಿಯಿಲ್ಲ. ಹತ್ತುತ್ತ ಹತ್ತುತ್ತ ತಣ್ಣಗಾಗಿ, ನೆತ್ತಿಯ ಹತ್ತಿರ ಬರುವಷ್ಟರಲ್ಲಿ ಮೋಡವಾಗಿ ಕಾಡಿನೊಳಕ್ಕೆ ನುಗ್ಗುತ್ತದೆ. ಎಲೆ, ಪಾಚಿ, ಜರಿಗಿಡ, ಬಿಳಲು, ಏನು ಅಡ್ಡ ಸಿಕ್ಕಿದರೂ ಅದಕ್ಕೆ ಮೋಡದ ಕಣ ಅಂಟಿ, ಒಂದಕ್ಕೊಂದು ಕೂಡಿ, ಹನಿಯಾಗಿ ಜಾರುತ್ತದೆ. ಏಣು ದಾಟಿ ಪೆಸಿಫಿಕ್ ಕಡೆಗೆ ಇಳಿಯುವ ಗಾಳಿಯಲ್ಲಿ ಉಳಿಯುವ ತೇವ ಅಷ್ಟಕ್ಕಷ್ಟೆ. ಮಳೆಗಾಲವಲ್ಲದ ತಿಂಗಳುಗಳಲ್ಲಿ ಕಾಡು ಬದುಕುವುದೇ ಹೀಗೆ ಅಡ್ಡ ಬಂದ ಮೋಡದಿಂದ. ಕೆಳಗಿನ ಹೊಳೆಗಳು ಬೇಸಿಗೆಯಲ್ಲೂ ಬತ್ತದೆ ಇರುವುದರ ಹಿಂದೆಯೂ ಇದೇ ಇದೆ.

ಇದನ್ನು ಇಲ್ಲಿ ಮೊದಲು ಅರಿತು ನಡೆದುಕೊಂಡವರು ವಿಜ್ಞಾನಿಗಳಲ್ಲ, ಹೈನು ಮಾಡುವ ಜನ. ಈ ಕಥೆಯನ್ನು ಮಾರ್ಗದರ್ಶಿ ಕಾಡಿನ ಬಾಗಿಲಲ್ಲೇ ನಿಂತು ಹೇಳಿದರು. ನನಗೆ ಆ ದಿನ ಸಿಕ್ಕಿದ್ದರಲ್ಲೆಲ್ಲ ದೊಡ್ಡದು ಅದು.

ಅಮೆರಿಕದ ಅಲಬಾಮಾ ರಾಜ್ಯದ ಫೇರ್‌ಹೋಪ್ ಊರಿನಲ್ಲಿ ಕ್ವೇಕರ್ ಪಂಥದ ಕೆಲವು ಕುಟುಂಬಗಳಿದ್ದವು. ಆಯುಧ ಹಿಡಿಯುವುದಿಲ್ಲ ಎಂಬುದು ಅವರ ಧರ್ಮ. ಸೇನೆಯ ಭರ್ತಿ ಪಟ್ಟಿಯಲ್ಲಿ ಹೆಸರು ಬರೆಸಲು ಒಪ್ಪದ್ದಕ್ಕೆ ಅವರಲ್ಲಿ ನಾಲ್ವರು ಯುವಕರಿಗೆ 1949ರಲ್ಲಿ ಜೈಲುಶಿಕ್ಷೆಯಾಯಿತು. ನಾವು ಕಟ್ಟುವ ತೆರಿಗೆ ಯುದ್ಧಕ್ಕೇ ಹೋಗುವುದಾದರೆ ಈ ನೆಲದಲ್ಲಿ ಇರುವುದು ಹೇಗೆ ಎಂದು ಅವರು ಬೇರೆ ನೆಲ ಹುಡುಕಿದರು. ಅದರ ಹಿಂದಿನ ವರ್ಷವಷ್ಟೇ, 1948ರಲ್ಲಿ, ಕೋಸ್ಟರಿಕ ತನ್ನ ಸೈನ್ಯವನ್ನು ರದ್ದು ಮಾಡಿತ್ತು. 1951ರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ, ಮಕ್ಕಳು ಮುದುಕರೊಂದಿಗೆ, ಎತ್ತಿನ ಗಾಡಿಯ ದಾರಿಯಲ್ಲಿ ಈ ಬೆಟ್ಟ ಹತ್ತಿದರು. ಸುಮಾರು 1,400 ಹೆಕ್ಟೇರು ಕೊಂಡರು. ‘ಮೊಂಟೆವೆರ್ಡೆ’ ಎಂದು ಹೆಸರಿಟ್ಟರು. ಹಸಿರು ಬೆಟ್ಟ ಎಂದರ್ಥ. ಕಾಡು ಕಡಿದು ಹುಲ್ಲು ಬೆಳೆಸಿದರು, ಹಸು ಕಟ್ಟಿದರು. ಹಾಲನ್ನು ಆ ದಾರಿಯಲ್ಲಿ ಕೆಳಗೆ ಸಾಗಿಸುವುದರೊಳಗೆ ಕೆಡುತ್ತದೆ ಎಂದು ಚೀಸ್ ಮಾಡುವ ಕಾರ್ಖಾನೆ ತೆರೆದರು.

ಹಾಗೆ ಕಡಿಯುತ್ತ ಹೋದವರು ಒಂದು ಕಡೆ ಕೈ ತಡೆದರು. ಕೊಂಡ ನೆಲದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚನ್ನು, 554 ಹೆಕ್ಟೇರು ನೆತ್ತಿಯ ಕಾಡನ್ನು, ಯಾರೂ ಮುಟ್ಟಕೂಡದು ಎಂದು ತಮ್ಮೊಳಗೇ ಕಟ್ಟು ಮಾಡಿಕೊಂಡರು. ಊರಿಗೆ ನೀರು ಕೊಡುವ ಗ್ವಾಸಿಮಾಲ್ ಹೊಳೆ ಹುಟ್ಟುವುದು ಅಲ್ಲಿ. ಆ ಕಾಡಿನ ಚೆಲುವಾಗಲಿ, ಅದರೊಳಗಿನ ಹಕ್ಕಿಯಾಗಲಿ ಅಂದು ಅವರ ಮುಖ್ಯ ಚಿಂತೆಯಾಗಿರಲಿಲ್ಲ. ಹಸುವಿಗೆ ನೀರು ಬೇಕು, ನೀರಿಗೆ ನೆತ್ತಿಯ ಮರ ಬೇಕು. ಅಷ್ಟು ನೇರ ಲೆಕ್ಕ.

ನನಗೆ ನಮ್ಮ ಕಾನು ನೆನಪಾಯಿತು. ಶಿವಮೊಗ್ಗ, ಉತ್ತರ ಕನ್ನಡದ ಕಡೆ ಊರಿನ ತಲೆಯ ಮೇಲೆ ಒಂದು ಕಾನು ಇರುತ್ತದೆ. ಅದರ ಬುಡದಲ್ಲಿ ಒರತೆ, ಒರತೆಯ ಕೆಳಗೆ ತೋಟ, ತೋಟದ ಕೆಳಗೆ ಗದ್ದೆ. ಕಾನಿಗೆ ಕೊಡಲಿ ಹಾಕಬಾರದು ಎಂದು ಹಿರಿಯರು ದೇವರ ಹೆಸರಲ್ಲಿ ಹೇಳಿದರು, ಭೂತದ ಹೆಸರಲ್ಲಿ ಹೆದರಿಸಿದರು. ಕ್ವೇಕರರು ತಮ್ಮ ಮೌನಪ್ರಾರ್ಥನೆಯ ಸಭೆಯಲ್ಲಿ ಕೂತು ಅದೇ ತೀರ್ಮಾನಕ್ಕೆ ಬಂದರು. ಎರಡೂ ಕಡೆ ಅದು ನೀರು ಕಂಡವರ ವಿವೇಕ.

ಇಪ್ಪತ್ತು ವರ್ಷ ಕಳೆದ ಮೇಲೆ ಹಕ್ಕಿಗಳನ್ನು ಅಭ್ಯಾಸ ಮಾಡಲು ಜಾರ್ಜ್ ಪವೆಲ್ ಎಂಬ ಸಂಶೋಧನಾ ವಿದ್ಯಾರ್ಥಿ ಇಲ್ಲಿಗೆ ಬಂದರು. ಸುತ್ತಲಿನ ಕಾಡು ತುಂಡು ತುಂಡಾಗಿ ಹೋಗುತ್ತಿರುವುದನ್ನು ಕಂಡು ಕಳವಳಪಟ್ಟರು. ಅವರ ಜೊತೆಗೆ ನಿಂತವರು ವಿಲ್ಫರ್ಡ್ ಗಿಂಡನ್. ಊರವರ ಬಾಯಲ್ಲಿ ‘ವುಲ್ಫ್’. 1949ರಲ್ಲಿ ಜೈಲಿಗೆ ಹೋದ ನಾಲ್ವರಲ್ಲಿ ಒಬ್ಬರು, ಹುಲ್ಲುಗಾವಲಿಗಾಗಿ ಸ್ವತಃ ಕಾಡು ಕಡಿದವರು. 1972ರಲ್ಲಿ ಅಲ್ಲಿನ ಉಷ್ಣವಲಯ ವಿಜ್ಞಾನ ಕೇಂದ್ರದ ಆಶ್ರಯದಲ್ಲಿ ಮೀಸಲು ಕಾಡು ಶುರುವಾಯಿತು, ಮೊದಲಿಗೆ 328 ಹೆಕ್ಟೇರು. ಕ್ವೇಕರರ ನೀರಿನ ಕಾಡೂ ಅದಕ್ಕೆ ಸೇರಿತು. ಈಗ 4,000 ಹೆಕ್ಟೇರು ದಾಟಿದೆ. ಗರಗಸ ಹಿಡಿದ ಕೈಯಲ್ಲೇ ವುಲ್ಫ್ ಗಿಂಡನ್ ಗಡಿ ಗುರುತು ಮಾಡಿದರು, ಹಾದಿ ಸವರಿದರು, ದಶಕಗಳ ಕಾಲ ಕಾವಲು ನಡೆದರು. ಅವರ ಹೆಸರಿನ ಹಾದಿಯೊಂದು ಈಗ ಕಾಡಿನಲ್ಲಿದೆ. ಆ ಹಾದಿಯಲ್ಲಿ ನಡೆಯುವಾಗ ನಾನು ಯೋಚಿಸಿದ್ದು, ಮನುಷ್ಯ ತನ್ನ ಕೆಲಸದ ದಿಕ್ಕನ್ನು ನಡುವಯಸ್ಸಿನಲ್ಲಿ ಹೀಗೆ ತಿರುಗಿಸಿಕೊಳ್ಳುವುದಕ್ಕೆ ಎಂಥ ಧೈರ್ಯ ಬೇಕು ಎಂದು.

ನಾವು ಏಳು ಮಂದಿಯಿದ್ದೆವು. ಕಾಡಿನೊಳಗೆ ಒಮ್ಮೆಗೆ ಇಂತಿಷ್ಟೇ ಜನ ಎಂಬ ನಿಯಮವಿದೆ, ಹಾಗಾಗಿ ನೂಕುನುಗ್ಗಲಿಲ್ಲ. ಮಾರ್ಗದರ್ಶಿಗೆ ಐವತ್ತರ ಹತ್ತಿರದ ವಯಸ್ಸು, ಇದೇ ಬೆಟ್ಟದ ಹೈನುಗಾರರ ಮನೆಯವರು. ಹೆಗಲ ಮೇಲೆ ಮೂರು ಕಾಲಿನ ದೂರದರ್ಶಕ, ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು. ಅಭ್ಯಾಸಬಲದಿಂದ ನಾನು ಹತ್ತು ಹೆಜ್ಜೆಗೊಮ್ಮೆ ಬಗ್ಗಿ ಪಾದ ನೋಡಿಕೊಳ್ಳುತ್ತಿದ್ದೆ. ಆಕೆ ಏನೆಂದು ಕೇಳಿದರು. ಉಂಬಳ ಎಂದು ವಿವರಿಸಿದೆ. ನೆಲದ ಮೇಲೆ ನೆಗೆದು ಬಂದು ರಕ್ತ ಹೀರುವ ಅಂಥ ಜಿಗಣೆ ಇಲ್ಲಿಲ್ಲ, ನಿಶ್ಚಿಂತೆಯಾಗಿ ನಡೆಯಿರಿ ಎಂದರು. ಇಷ್ಟು ತೇವವಿರುವ ಕಾಡಿನಲ್ಲಿ ಉಂಬಳವಿಲ್ಲದೆ ನಡೆಯುವುದು ನನ್ನ ಬದುಕಿನಲ್ಲಿ ಅದೇ ಮೊದಲು.

ಆಕೆಯೂ ಆಗಾಗ ಬಗ್ಗುತ್ತಿದ್ದರು. ಹಾದಿಯ ಬದಿಯಲ್ಲಿ ಮರದ ಬೇರುಗಳ ನಡುವೆ ನೀರು ನಿಂತ ಗುಂಡಿ ಕಂಡರೆ ಸಾಕು, ಒಂದು ಕ್ಷಣ ನಿಂತು, ಇಣುಕಿ, ಏನೂ ಹೇಳದೆ ಮುಂದೆ ನಡೆಯುತ್ತಿದ್ದರು. ಏನನ್ನು ನೋಡುತ್ತಾರೆಂದು ನಾನು ಆಗ ಕೇಳಲಿಲ್ಲ.

ಮೋಡಗಾಡಿನಲ್ಲಿ ಮರದ ತೊಗಟೆಯೇ ಕಾಣುವುದಿಲ್ಲ. ಬುಡದಿಂದ ತುದಿಯವರೆಗೆ ಪಾಚಿಯ ದಪ್ಪ ಕಂಬಳಿ. ಅದರ ಮೇಲೆ ಜರಿಗಿಡ, ಅದರ ಸಂದಿಯಲ್ಲಿ ಸೀತಾಳೆ ಜಾತಿಯ ಹೂಗಿಡ, ಕೊಂಬೆ ಕವಲೊಡೆಯುವಲ್ಲಿ ಅನಾನಸಿನ ಬಳಗದ ಬ್ರೊಮೀಲಿಯಾಡುಗಳು. ಬ್ರೊಮೀಲಿಯಾಡಿನ ಎಲೆಗಳು ಬುಡದಲ್ಲಿ ಒಂದಕ್ಕೊಂದು ಕೂಡಿ ಬಟ್ಟಲಾಗಿರುತ್ತವೆ. ಬಟ್ಟಲಿನಲ್ಲಿ ನೀರು, ನೀರಿನಲ್ಲಿ ಹುಳ, ಹುಳ ತಿನ್ನಲು ಬರುವ ಕಪ್ಪೆ. ನೆಲದಿಂದ ಅರುವತ್ತು ಅಡಿ ಮೇಲೆ ಹೀಗೆ ಸಾವಿರಾರು ಕೊಳ. “ಇವೆಲ್ಲ ಮರವನ್ನು ಹೀರುವುದಿಲ್ಲವೇ?” ಎಂದು ಜೊತೆಗಿದ್ದವರೊಬ್ಬರು ಕೇಳಿದರು. ಇಲ್ಲ, ಕೂರಲು ಜಾಗ ಮಾತ್ರ ಬೇಕು, ಊಟ ನೀರೆಲ್ಲ ಮೋಡದ್ದೇ ಎಂದು ಆಕೆ ಹೇಳಿದರು. ನಾನು ಮಗಳಿಗೆ ನಮ್ಮ ಮಾತಿನಲ್ಲಿ ಹೇಳಿದೆ, “ಬಂದಳಿಕೆ ಅಲ್ಲ ಕಣೇ, ಸೀತಾಳೆ ದಂಡೆ ಇದ್ದ ಹಾಗೆ.” ಮಾವಿನ ಮರದ ಬಂದಳಿಕೆ ಮರದ ರಸವನ್ನೇ ಕುಡಿಯುತ್ತದೆ. ಸೀತಾಳೆ ದಂಡೆ ಕೊಂಬೆ ಹಿಡಿದು ಕೂತು ಮಳೆಗಾಲಕ್ಕೆ ಹೂ ಬಿಡುತ್ತದೆ. ಈ ಬೆಟ್ಟದ ಆಸುಪಾಸಿನಲ್ಲಿ ಆರ್ಕಿಡ್ಡುಗಳೇ 400ಕ್ಕೂ ಹೆಚ್ಚು ಬಗೆ. ಒಂದನ್ನು ಆಕೆ ಭೂತಗನ್ನಡಿ ಹಿಡಿದು ತೋರಿಸಿದರು. ಹೂವು ಸಾಸಿವೆ ಕಾಳಿನಷ್ಟು, ಆದರೂ ಎಸಳು, ತುಟಿ, ಬಣ್ಣ ಎಲ್ಲ ತೂಕ ತಪ್ಪದೆ ಇದ್ದವು. ಮುಡಿಯುವ ಹೂವನ್ನಷ್ಟೇ ಹೂವೆಂದು ನೋಡಿದ ಕಣ್ಣಿಗೆ ಅದು ಸಿಕ್ಕುವುದೇ ಇಲ್ಲ.

ಈ ಕೊಂಬೆಗಳ ಲೋಕವನ್ನು ಹಗ್ಗ ಕಟ್ಟಿ ಹತ್ತಿ ಓದಿದವರಲ್ಲಿ ನಳಿನಿ ನಾಡಕರ್ಣಿ ಮುಖ್ಯರು. ತಂದೆ ಭಾರತದಿಂದ ಅಮೆರಿಕಕ್ಕೆ ಹೋದವರು. ಆ ಮನೆತನದ ಹೆಸರು ನಮ್ಮ ಉತ್ತರ ಕನ್ನಡದ ಕರಾವಳಿಗೆ ಹಳೆಯ ಪರಿಚಯ. ಹಾಗಾಗಿ ಮಾರ್ಗದರ್ಶಿಯ ಬಾಯಲ್ಲಿ ಅದು ಬಂದಾಗ ನಾನು ಎರಡು ಸಲ ಹೇಳಿಸಿದೆ. ಉದುರಿದ ಎಲೆ, ಸತ್ತ ಪಾಚಿ, ಗಾಳಿ ತಂದ ಧೂಳು ಸೇರಿ ಕೊಂಬೆಗಳ ಮೇಲೆ ಮಣ್ಣು ಕಟ್ಟುತ್ತದೆ. ಆ ಮಣ್ಣಿನೊಳಕ್ಕೆ ಮರ ತನ್ನ ಕೊಂಬೆಯಿಂದಲೇ ಬೇರು ಬಿಟ್ಟು ಸಾರ ಎಳೆದುಕೊಳ್ಳುತ್ತದೆ ಎಂದು ಅವರು 1981ರಲ್ಲಿ ತೋರಿಸಿಕೊಟ್ಟರು. ಅಂದರೆ ಮರ ತನ್ನ ಮೇಲೆ ಕೂತ ಅತಿಥಿಗಳಿಂದ ಬಾಡಿಗೆ ಪಡೆಯುತ್ತದೆ. ಕೊಂಬೆಯೊಂದರ ಪಾಚಿಯನ್ನು ಒಮ್ಮೆ ಸುಲಿದರೆ ಅದು ಮೊದಲಿನ ಹಾಗೆ ಹಸಿರು ಹೊದೆಯಲು ದಶಕಗಳೇ ಬೇಕು ಎಂಬುದೂ ಅವರ ಕೆಲಸದಿಂದ ತಿಳಿದದ್ದು. ಈ ಮಾತು ಕೇಳಿದ ಮೇಲೆ ಹಾದಿಯ ಬದಿಯ ಪಾಚಿಯನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದ ನಮ್ಮ ಗುಂಪಿನವರು ಕೈ ಹಿಂದಕ್ಕೆ ತೆಗೆದುಕೊಂಡರು.

ಒಂಬತ್ತು ಗಂಟೆಯ ಸುಮಾರಿಗೆ ಆಕೆ ಥಟ್ಟನೆ ನಿಂತು ತುಟಿಯ ಮೇಲೆ ಬೆರಳಿಟ್ಟರು. ಕಾಡಿನ ಒಳಗಿಂದ ಮೆತ್ತಗಿನ ಎರಡು ಸ್ವರ ಬಂತು. ಮರಿ ನಾಯಿ ನಿದ್ದೆಯಲ್ಲಿ ಕುಂಯ್‌ಗುಟ್ಟಿದ ಹಾಗೆ. ದೂರದರ್ಶಕವನ್ನು ನೆಲಕ್ಕೂರಿ, ತಿರುಗಿಸಿ, ಕಣ್ಣು ಕಿರಿದು ಮಾಡಿ, ನನ್ನನ್ನೇ ಮೊದಲು ಕರೆದರು.

ಕೆಟ್ಸಾಲ್. ಗಂಡು. ಎಲೆಗಳ ನಡುವೆ ಬೆನ್ನು ತಿರುಗಿಸಿ ಕೂತಿತ್ತು. ಆ ಹಸಿರು ಕಾಡಿನ ಹಸಿರಲ್ಲ. ಮೋಡ ಸರಿದು ಬೆಳಕು ಬಿದ್ದಾಗ ನೀಲಿಗೆ ತಿರುಗಿತು, ಮತ್ತೆ ಮೋಡ ಮುಚ್ಚಿದಾಗ ಹೊನ್ನಿನ ಛಾಯೆಗೆ ಬಂತು. ಗರಿಯಲ್ಲಿ ಹಸಿರು ಬಣ್ಣವಿಲ್ಲ, ಬೆಳಕನ್ನು ಒಡೆಯುವ ಸೂಕ್ಷ್ಮ ರಚನೆಯಿದೆ, ಅದಕ್ಕೇ ಹೀಗೆ. ಪಾರಿವಾಳದ ಗಾತ್ರದ ದೇಹಕ್ಕೆ ಎರಡು ಮೂರಡಿ ಉದ್ದದ ಬಾಲದ ಗರಿ, ಗಾಳಿಗೆ ರಿಬ್ಬನ್ನಿನ ಹಾಗೆ ಅಲುಗುತ್ತಿತ್ತು. ತಿರುಗಿದಾಗ ಎದೆಯ ಕಡುಗೆಂಪು ಕಂಡಿತು. ಮಾಯಾ ಮತ್ತು ಆಜ್ಟೆಕ್ ಜನ ಇದನ್ನು ದೈವದ ಹಕ್ಕಿಯೆಂದು ನಂಬಿ ಅದರ ಗರಿಯನ್ನು ಅರಸರ ಶಿರೋಭೂಷಣಕ್ಕೆ ಮೀಸಲಿಟ್ಟಿದ್ದರು. ಗ್ವಾಟೆಮಾಲಾ ದೇಶದ ನಾಣ್ಯಕ್ಕೆ ಈ ಹಕ್ಕಿಯದೇ ಹೆಸರು. ನಮಗೂ ಇದು ಪೂರಾ ಪರಕೀಯವಲ್ಲ. ಪಶ್ಚಿಮ ಘಟ್ಟದ ನೆರಳಿನಲ್ಲಿ ಸದ್ದಿಲ್ಲದೆ ಕೂರುವ ಕಾಕರಣೆ ಹಕ್ಕಿಯದೂ ಇದೇ ಕುಟುಂಬ. ಬೆನ್ನು ತಿರುಗಿಸಿ ಅಲುಗಾಡದೆ ಕೂರುವ ಆ ಗತ್ತು ಎರಡಕ್ಕೂ ಒಂದೇ.

ಕೆಟ್ಸಾಲಿನ ಮುಖ್ಯ ಆಹಾರ ಕಾಡು ಬೆಣ್ಣೆಹಣ್ಣು. ನಮ್ಮ ತೋಟದ ಬೆಣ್ಣೆಹಣ್ಣಿನ ಬಳಗದ್ದೇ, ಆದರೆ ಕಾಯಿ ನೆಲ್ಲಿಕಾಯಿಯಷ್ಟು ಚಿಕ್ಕದು. ಹಕ್ಕಿ ಇಡೀ ಹಣ್ಣನ್ನು ನುಂಗಿ, ತಿರುಳು ಅರಗಿಸಿ, ಬೀಜವನ್ನು ಬಾಯಿಂದಲೇ ಹೊರಹಾಕುತ್ತದೆ. ಹೀಗೆ ಬಿದ್ದ ಬೀಜದಿಂದ ಮರ, ಆ ಮರ ಮುದಿಯಾಗಿ ಲಡ್ಡಾದಾಗ ಅದರ ಪೊಟರೆಯಲ್ಲಿ ಹಕ್ಕಿಯ ಗೂಡು. ಗೂಡಿನ ಕಾಲ ಮುಗಿದ ಮೇಲೆ ಹಣ್ಣು ಅರಸಿ ಅವು ಬೆಟ್ಟದ ಮೇಲಿಂದ ಕೆಳಕ್ಕೂ ಇನ್ನೊಂದು ಇಳಿಜಾರಿಗೂ ವಲಸೆ ಹೋಗುತ್ತವೆ. ನೆತ್ತಿಯ ಕಾಡನ್ನು ಮಾತ್ರ ಉಳಿಸಿದರೆ ಸಾಲದು, ಕೆಳಗಿನ ಕಾಡೂ ಬೇಕು ಎಂದು ತಿಳಿದದ್ದು ಇದರಿಂದ. ಪವೆಲ್ ಮುಂದೆ ಈ ಹಕ್ಕಿಗಳಿಗೆ ಪುಟ್ಟ ರೇಡಿಯೊ ಕಟ್ಟಿ ಅವುಗಳ ಬೆನ್ನು ಹತ್ತಿದರು. 1987ರಲ್ಲಿ ಸ್ವೀಡನ್ನಿನ ಹಳ್ಳಿಶಾಲೆಯ ಮಕ್ಕಳು ಚಂದಾ ಕೂಡಿಸಿ ಇಲ್ಲಿ ಕಾಡು ಕೊಳ್ಳಲು ಹಣ ಕಳಿಸಿದರು. ಅದರ ಸುದ್ದಿ ಹಬ್ಬಿ ಬೇರೆ ಬೇರೆ ದೇಶಗಳ ಮಕ್ಕಳೂ ಕೈಜೋಡಿಸಿ, ಈ ಮೀಸಲು ಕಾಡಿನ ಪಕ್ಕದಲ್ಲೇ ‘ಮಕ್ಕಳ ನಿತ್ಯಾರಣ್ಯ’ ಬೆಳೆಯಿತು. ಈಗ ಅದು 22,000 ಹೆಕ್ಟೇರಿಗೂ ಮಿಕ್ಕಿದೆ, ಆ ದೇಶದ ಖಾಸಗಿ ಕಾಡುಗಳಲ್ಲೆಲ್ಲ ದೊಡ್ಡದು. ಇಂಥ ಮಾತು ಕೇಳಿದಾಗ ನನಗೆ ಗಂಟಲು ಕಟ್ಟುತ್ತದೆ, ಏನು ಮಾಡಲಿ.

ಕೆಟ್ಸಾಲ್ ಹಾರಿಹೋದ ಮೇಲೂ ನಾವು ಅಲ್ಲೇ ನಿಂತಿದ್ದೆವು. ಅಷ್ಟರಲ್ಲಿ ಕಣಿವೆಯಿಂದ ಬಡಿದ ಜಾಗಟೆಯ ಹಾಗೆ ಒಂದೇ ಒಂದು ಪೆಟ್ಟು ಕೇಳಿಸಿತು. ಗಂಟೆಹಕ್ಕಿ. ಕೊಕ್ಕಿನ ಬುಡದಿಂದ ಮೂರು ಎಳೆ ಜೋಲುವ ಬಿಳಿ ತಲೆಯ ಹಕ್ಕಿಯಂತೆ. ನಮಗೆ ಕಂಡದ್ದು ಅದರ ದನಿ ಮಾತ್ರ.

ಹಾದಿ ಏರುತ್ತ ಹೋದ ಹಾಗೆ ಮರಗಳು ಕುಳ್ಳಾದವು. ಗಾಳಿ ಜೋರಾಯಿತು. ಕೊನೆಗೆ ಮರಗಳೆಲ್ಲ ನಮ್ಮ ತಲೆಯೆತ್ತರಕ್ಕಿಂತ ಸ್ವಲ್ಪ ಮೇಲಷ್ಟೇ, ಒಂದೇ ದಿಕ್ಕಿಗೆ ಬಾಗಿ, ಕೈಕಾಲು ತಿರುಚಿ ನಿಂತಿದ್ದವು. ಕುದುರೆಮುಖದ ಶೋಲಾ ಕಾಡು ಹೊಕ್ಕವರಿಗೆ ಈ ನೋಟ ಗೊತ್ತು. ಅಲ್ಲೂ ಏಣಿನ ಮಡಿಕೆಯಲ್ಲಿ ಇಂಥದೇ ಕುಳ್ಳು ಮರ, ಇಂಥದೇ ಪಾಚಿ, ಕಾವಳ ಕವಿದರೆ ಮುಂದಿನವರ ಬೆನ್ನೂ ಕಾಣುವುದಿಲ್ಲ. ‘ಲಾ ವೆಂತಾನಾ’, ಅಂದರೆ ಕಿಟಕಿ, ಎಂದು ಹೆಸರಿಟ್ಟ ಕಟ್ಟೆಯ ಮೇಲೆ ನಿಂತೆವು. ಖಂಡವನ್ನು ಎರಡು ಮಾಡುವ ಏಣು ಅದು. ಈ ಕಡೆ ಬಿದ್ದ ಹನಿ ಪೆಸಿಫಿಕ್ಕಿಗೆ, ಆ ಕಡೆ ಬಿದ್ದದ್ದು ಕೆರಿಬಿಯನ್ನಿಗೆ. ಗಂಗಾಮೂಲದಲ್ಲಿ ಒಂದೇ ಬೆಟ್ಟದಿಂದ ಹೊರಟ ನೇತ್ರಾವತಿ ಅರಬ್ಬಿ ಸಮುದ್ರಕ್ಕೂ, ತುಂಗೆ ಭದ್ರೆಯರು ಬಂಗಾಳ ಕೊಲ್ಲಿಗೂ ಹೋಗುವ ಕಥೆಯನ್ನು ನಾನು ಗಾಳಿಯ ಸದ್ದಿನ ಮೇಲೆ ದನಿಯೇರಿಸಿ ಹೇಳಿದೆ. ಆ ಬೆಟ್ಟದ ಸನಿಹದಲ್ಲೇ ದಶಕಗಳ ಕಾಲ ಅದಿರು ಅಗೆದು, ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2005ರ ಕೊನೆಗೆ ನಿಲ್ಲಿಸಿದ್ದನ್ನೂ ಹೇಳಿದೆ. ಆಕೆ ತಲೆದೂಗಿ ಕೇಳಿಸಿಕೊಂಡರು. ಕಿಟಕಿಯಿಂದ ನಮಗೆ ಕಂಡದ್ದು ಬರೀ ಬಿಳಿ. ಒಂದು ಕಡಲೂ ಕಾಣಲಿಲ್ಲ. ಯಾರಿಗೂ ಬೇಸರವಾಗಲಿಲ್ಲ, ಮೋಡಗಾಡಿಗೆ ಬಂದು ಮೋಡ ಕಂಡೆವಲ್ಲ.

ಗುಂಡಿಗಳಲ್ಲಿ ಇಣುಕುವುದರ ಬಗ್ಗೆ ಕೇಳಿದ್ದು ಅಲ್ಲಿ. ಆಕೆ ಏಣಿನುದ್ದಕ್ಕೂ ಆಚೆ ಬೆರಳು ತೋರಿಸಿದರು. ಈ ಕುಳ್ಳು ಕಾಡಿನಲ್ಲಿ, ಕೆಲವೇ ಚದರ ಕಿಲೋಮೀಟರಿನೊಳಗೆ, ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಒಂದು ನೆಲಗಪ್ಪೆಯಿತ್ತು. ಗಂಡು ಎರಡಂಗುಲ ಉದ್ದ, ಮೈಯೆಲ್ಲ ಕಿತ್ತಳೆಯ ಹೊಳಪು, ಮಚ್ಚೆಯಿಲ್ಲ ಗೆರೆಯಿಲ್ಲ. ಹೆಣ್ಣು ಕಪ್ಪು, ಮೇಲೆ ಹಳದಿ ಅಂಚಿನ ಕೆಂಪು ಚುಕ್ಕೆ. ಹೊನ್ನಗಪ್ಪೆ. ವರ್ಷದ ಹೆಚ್ಚು ಕಾಲ ಬೇರಿನ ಬಿಲಗಳಲ್ಲಿ ಅಡಗಿದ್ದು, ಬೇಸಿಗೆ ಮುಗಿದು ಮಳೆ ಹಿಡಿಯುವ ಏಪ್ರಿಲ್ ಮೇ ಹೊತ್ತಿಗೆ ಕೆಲವೇ ದಿನ ಹೊರಬಂದು, ಬೇರುಗಳ ನಡುವಿನ ಇಂಥ ಗುಂಡಿಗಳಲ್ಲಿ ಮೊಟ್ಟೆಯಿಡುತ್ತಿತ್ತು. ಜೇ ಸ್ಯಾವೇಜ್ ಎಂಬ ವಿಜ್ಞಾನಿ ಅದನ್ನು 1960ರ ದಶಕದಲ್ಲಿ ಲೋಕಕ್ಕೆ ಪರಿಚಯಿಸಿದರು. 1987ರ ವಸಂತದಲ್ಲಿ ಮಾರ್ಥಾ ಕ್ರಂಪ್ ಎಂಬ ವಿಜ್ಞಾನಿ 1,500ಕ್ಕೂ ಹೆಚ್ಚು ಕಪ್ಪೆಗಳನ್ನು ಎಣಿಸಿದ್ದರು. ಆ ವರ್ಷ ಗುಂಡಿಗಳು ಬೇಗ ಒಣಗಿದವು, ಮೊಟ್ಟೆಗಳು ನೀರಿಲ್ಲದೆ ಬೂಸು ಹಿಡಿದವು. 1988ರಲ್ಲಿ ಕಂಡದ್ದು ಹತ್ತು. 1989ರ ಮೇ ತಿಂಗಳಲ್ಲಿ ಒಂದು, ಒಂಟಿ ಗಂಡು. ಆಮೇಲೆ ಯಾರಿಗೂ ಕಂಡಿಲ್ಲ. 2004ರಲ್ಲಿ ಅಳಿದುಹೋಯಿತೆಂದು ಘೋಷಿಸಿದರು.

“ಅಪ್ಪ ಹಾಲಿನ ಕ್ಯಾನು ಹೊತ್ತು ಓಡಾಡುವಾಗ ಎಷ್ಟೋ ಸಲ ಕಂಡಿದ್ದರಂತೆ. ನಾನು ಚಿಕ್ಕವಳು. ಮಳೆಯಲ್ಲಿ ನೀನು ಯಾಕೆ ನೆನೀತೀಯ, ಮುಂದಿನ ವರ್ಷ ತೋರಿಸ್ತೀನಿ ಅಂದಿದ್ದರು” ಎಂದರು ಆಕೆ.

ಕಪ್ಪೆ ಅಳಿದದ್ದಕ್ಕೆ ಕಾರಣ ಯಾವುದು ಎಂಬ ವಾದ ಇನ್ನೂ ನಡೆದಿದೆ. 1986–87ರ ಎಲ್ ನಿನೊ ತಂದ ಬರ ಒಂದು. ಕಪ್ಪೆಗಳ ಚರ್ಮಕ್ಕೆ ಹತ್ತಿ ಕೊಲ್ಲುವ ಕೈಟ್ರಿಡ್ ಎಂಬ ಶಿಲೀಂಧ್ರ ಇನ್ನೊಂದು. ಲೋಕವೆಲ್ಲ ಬಿಸಿಯಾಗುತ್ತಿರುವುದು ಮತ್ತೊಂದು. ಮೊಂಟೆವೆರ್ಡೆಯಲ್ಲೇ ನೆಲೆಸಿ ಅಭ್ಯಾಸ ಮಾಡಿದ ಅಲನ್ ಪೌಂಡ್ಸ್ ಮತ್ತು ಸಂಗಡಿಗರು 1999ರಲ್ಲಿ ಬರೆದದ್ದು, ಕಾವೇರಿದ ಹಾಗೆ ಮೋಡದ ತಳ ಬೆಟ್ಟದಲ್ಲಿ ಮೇಲಕ್ಕೆ ಸರಿಯುತ್ತಿರಬೇಕು ಎಂದು. ಮಂಜಿಲ್ಲದ ದಿನಗಳು ಹೆಚ್ಚುತ್ತಿದ್ದವು. ತಪ್ಪಲಿನ ಟೂಕನ್ ಹಕ್ಕಿಗಳು ಮೇಲೇರಿ ಕೆಟ್ಸಾಲುಗಳ ನೆರೆಯಲ್ಲಿ ಗೂಡು ಕಟ್ಟತೊಡಗಿದ್ದವು. ಎಲ್ ನಿನೊ ಒಂದೇ ಸಾಕಿತ್ತು ಎಂದು 2010ರಲ್ಲಿ ಬೇರೆ ವಿಜ್ಞಾನಿಗಳು ಮರದ ಕಾಂಡದಲ್ಲಿ ದಾಖಲಾದ ಹವೆಯ ಚರಿತ್ರೆ ಓದಿ ವಾದಿಸಿದರು. ವಾದ ಏನೇ ಇರಲಿ, ಹೋದದ್ದು ಹೊನ್ನಗಪ್ಪೆಯೊಂದೇ ಅಲ್ಲ. ಈ ಬೆಟ್ಟದ 30 ಚದರ ಕಿಲೋಮೀಟರಿನಲ್ಲಿದ್ದ 50 ಜಾತಿಯ ಕಪ್ಪೆಗಳಲ್ಲಿ 20 ಆ ಕುಸಿತದಲ್ಲಿ ಕಾಣೆಯಾದವು. ಕೆಲವು ಮರಳಿವೆ. ಹೋಯಿತೆಂದೇ ಎಣಿಸಿದ್ದ ಹೊಳೆದಂಡೆಯ ಮರಗಪ್ಪೆಯೊಂದು 2007ರಲ್ಲಿ ಇದೇ ಕಾಡಿನಲ್ಲಿ ಮತ್ತೆ ಸಿಕ್ಕಿತು.

ನನಗೆ ನಮ್ಮ ಸಿ. ಆರ್. ನಾರಾಯಣ ರಾವ್ ನೆನಪಾದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವರು, ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. ಕೊಟ್ಟಿಗೆಹಾರ, ಕೆಂಪುಹೊಳೆ ಕಡೆಯ ಎಷ್ಟೋ ಕಪ್ಪೆಗಳನ್ನು 1937ರಲ್ಲಿ ಮೊದಲ ಬಾರಿ ಬಣ್ಣಿಸಿ ಬರೆದರು. ಅವರು ಕೂಡಿಸಿಟ್ಟ ಮಾದರಿಗಳು ಆಮೇಲೆ ಕಳೆದುಹೋದವು. ಬರಹ ಉಳಿಯಿತು, ಕಪ್ಪೆ ಎಲ್ಲಿದೆಯೆಂದು ತಿಳಿಯದಾಯಿತು. ಕೆಂಪುಹೊಳೆಯ ಒಂದು ಪುಟ್ಟ ಕಪ್ಪೆ ಎಪ್ಪತ್ತು ವರ್ಷಕ್ಕೂ ಮಿಕ್ಕಿ ಯಾರ ಕಣ್ಣಿಗೂ ಬೀಳದೆ, ಹುಡುಕಹೊರಟವರಿಗೆ ಕೊನೆಗೂ ಸಿಕ್ಕಿತು. ನಮ್ಮ ಘಟ್ಟದ ಪೊದೆಗಪ್ಪೆಗಳ ಕುಲಕ್ಕೆ ಈಗ ‘ರಾವೊರ್ಕೆಸ್ಟೆಸ್’ ಎಂದು ಅವರದೇ ಹೆಸರು. ಮಳೆಗಾಲದ ರಾತ್ರಿ ನಮ್ಮ ಮನೆಯ ಹಿಂದಿನ ಕಾಫಿ ಗಿಡಗಳಲ್ಲಿ ಟಿಕ್ ಟಿಕ್ ಎನ್ನುವ ಸದ್ದು ಅವುಗಳದು. ಅರುವತ್ತು ವರ್ಷ ಕೇಳಿದ್ದೇನೆ. ಎಷ್ಟು ಬಗೆ, ಯಾವುದು ಈ ವರ್ಷ ಕೂಗಲಿಲ್ಲ ಎಂದು ಒಮ್ಮೆಯೂ ಲೆಕ್ಕ ಇಟ್ಟಿಲ್ಲ. ಅದು ನನ್ನನ್ನು ಅಲ್ಲಿ, ಆ ಗಾಳಿಯಲ್ಲಿ, ಬಹಳ ಕಾಡಿತು.

ಇಳಿದು ಬಂದ ಮೇಲೆ ಕಾಡಿನ ಬಾಗಿಲ ಬಳಿ ಕಾಫಿ ಕುಡಿಯುವ ಜಾಗದಲ್ಲಿ ಸಕ್ಕರೆ ನೀರಿನ ಬಟ್ಟಲು ತೂಗುಹಾಕಿದ್ದರು. ಝೇಂಕಾರದ ಹಕ್ಕಿಗಳು ಕಿವಿಯ ಪಕ್ಕದಲ್ಲೇ ಮೋಟಾರಿನ ಹಾಗೆ ಗುಂಯ್‌ಗುಡುತ್ತ ಹಾದುಹೋಗುತ್ತಿದ್ದವು, ನೇರಳೆ, ತಾಮ್ರ, ಪಚ್ಚೆ ಬಣ್ಣಗಳವು. ಜನ ಮುತ್ತಿಕೊಂಡು ಫೋಟೊ ತೆಗೆಯುತ್ತಿದ್ದರು. ಚೆಂದವೇನೋ ಹೌದು, ಆದರೆ ಕಾಡಿನೊಳಗೆ ಒಂದು ಹೂವಿನ ಮುಂದೆ ಅರೆಗಳಿಗೆ ಮಾತ್ರ ಕಂಡು ಮಾಯವಾದ ಒಂದೇ ಒಂದು ಹಕ್ಕಿ ನನಗೆ ಇದಕ್ಕಿಂತ ಹೆಚ್ಚು. ಪೇಟೆಯ ಸುತ್ತ ಮರದಿಂದ ಮರಕ್ಕೆ ತಂತಿಯ ಮೇಲೆ ಜಾರಿಸುವ ಆಟಗಳೂ ಇವೆ, ಮಗಳು ಕೇಳಿದಳು, ನಾನು ಬೇಡವೆಂದೆ. ಪ್ರವಾಸಿಗರ ಹಣದಿಂದಲೇ ಈ ಕಾಡು ನಿಂತಿದೆ ಎಂಬುದು ನನಗೆ ಗೊತ್ತು. 1980ರ ದಶಕದಲ್ಲಿ ನಾಲ್ಕನೇ ಒಂದರಷ್ಟಕ್ಕೆ ಇಳಿದಿದ್ದ ಕೋಸ್ಟರಿಕದ ಕಾಡು ಈಗ ನೆಲದ ಅರ್ಧಕ್ಕಿಂತ ಹೆಚ್ಚು ಹಬ್ಬಿದೆ. 1996ರ ಅರಣ್ಯ ಕಾಯಿದೆಯ ಮೇಲೆ, ಕಾಡು ಉಳಿಸಿಕೊಂಡ ರೈತನಿಗೆ ಇಂಧನದ ತೆರಿಗೆಯಿಂದ ಹಣ ಕೊಡುತ್ತಾರೆ. ಸೊಪ್ಪಿನಬೆಟ್ಟವನ್ನು ತಲೆಮಾರುಗಳಿಂದ ಕಾದುಕೊಂಡು ಬಂದ ನಮ್ಮ ಮಲೆನಾಡಿನ ರೈತನಿಗೂ ನೀರಿನ ಋಣವೆಂದು ಯಾರಾದರೂ ಹೀಗೆ ಕೊಡುವ ದಿನ ಬರಲಿ ಎಂದು ಮನಸಾರೆ ಆಸೆಪಡುತ್ತೇನೆ.

ಹೊರಡುವ ಹೊತ್ತಾಯಿತು. ಮಾರ್ಗದರ್ಶಿ ಕೈಕುಲುಕಿ, ಮಧ್ಯಾಹ್ನದ ಗುಂಪನ್ನು ಕರೆದುಕೊಂಡು ಮತ್ತೆ ಒಳಕ್ಕೆ ನಡೆದರು. ಗಾಡಿ ನಿಲ್ಲಿಸಿದಲ್ಲಿಗೆ ಹೋಗುವ ಕಾಲುದಾರಿಯ ಅಂಚಿಗೆ ಒಂದು ದೊಡ್ಡ ಮರ. ಅದರ ಎರಡು ಬೇರುಗಳ ನಡುವೆ ರೊಟ್ಟಿ ಕಾವಲಿಯಷ್ಟು ಅಗಲದ ಗುಂಡಿ. ನನಗೆ ಗೊತ್ತಾಗುವ ಮೊದಲೇ ಮಂಡಿಯೂರಿ ಬಗ್ಗಿದ್ದೆ. ತಳದಲ್ಲಿ ಒಂದು ಕೊಳೆತ ಎಲೆ, ನಾಲ್ಕು ಸೊಳ್ಳೆಮರಿ, ಮೇಲಿನ ಕೊಂಬೆಯಿಂದ ಬಿದ್ದ ಹನಿಗೆ ಎದ್ದ ಸಣ್ಣ ಬಳೆ.

“ಏನಿದೆ ಅಮ್ಮಾ ಅದರಲ್ಲಿ?” ಮಗಳು ಮುಂದಿನಿಂದ ಕೂಗಿದಳು.

“ನೀರಿದೆ” ಎಂದೆ.